ಉಪ್ಪಾಗೆ ಡಬ್ಬಿಯೊಳಗೆ ಹೋದ ಮೇಲೆ

ಶಿರಸಿ ಸೀಮೆಯ ಒಂದು ಮನೆ, ಜುಲೈ ತಿಂಗಳು. ಹೊರಗೆ ಮಳೆ ಜಡಿ ಹಿಡಿದಿದೆ. ಬೆಂಗಳೂರಿನ ಮಗ ಆರ್ಡರ್ ಮಾಡಿ ಕಳಿಸಿದ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಒಡೆದಿಟ್ಟಿದ್ದಾರೆ. ವಿಟಮಿನ್ ಡಿ, ಕ್ಯಾಲ್ಸಿಯಂ, ಬಿ12, ಕೂದಲಿಗೆಂದು ಬಯೋಟಿನ್ ಗಮ್ಮಿ, ಅರಿಶಿನದ ಕ್ಯಾಪ್ಸೂಲು, ಸೊಸೆಗೆ ತೂಕ ಇಳಿಸಲೆಂದು ಒಂದು ಹಸಿರು ಡಬ್ಬಿ. ಎಪ್ಪತ್ತರ ಹತ್ತಿರದ ಆಯಿ ಆ ಹಸಿರು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. ಅದರ ಮೇಲೆ ಪುಟ್ಟ ಕುಂಬಳಕಾಯಿಯಂತೆ ಏಣುಏಣಾದ ಹಳದಿ ಹಣ್ಣಿನ ಚಿತ್ರ. "ಇದು ನಮ್ಮ ಉಪ್ಪಾಗೆ ಅಲ್ದಾ?" ಹೌದು, ಅದೇ. ಡಬ್ಬಿಯ ಮೇಲೆ ಗಾರ್ಸಿನಿಯಾ ಕ್ಯಾಂಬೋಜಿಯಾ ಎಂದು ಬರೆದಿದೆ, ಅಷ್ಟೇ. ಅವರ ಬೆನ್ನ ಹಿಂದಿನ ಕಪಾಟಿನ ಭರಣಿಯಲ್ಲಿ ಸಾರಿನ ಹುಳಿಗೆಂದು ಹೋದ ವರ್ಷ ಒಣಗಿಸಿದ ಉಪ್ಪಾಗೆ ಸಿಪ್ಪೆ ಕಪ್ಪಗೆ ಕೂತಿದೆ. ಆಯಿ ಮುಂದೆ ಕೇಳಿದ್ದು ಇನ್ನೊಂದು ಪ್ರಶ್ನೆ: "ಇದು ಎಷ್ಟು ತಗಳದು, ಯಾವ ಹೊತ್ತಿಗೆ ತಗಳದು?"

ಭರಣಿಯಲ್ಲಿದ್ದ ಸಿಪ್ಪೆಯ ಬಗ್ಗೆ ಯಾರೂ ಈ ಪ್ರಶ್ನೆ ಕೇಳಿದವರಲ್ಲ. ಎಷ್ಟು ಹಾಕಬೇಕೆಂದು ನಾಲಿಗೆ ಹೇಳುತ್ತಿತ್ತು, ಯಾವಾಗ ತಿನ್ನಬೇಕೆಂದು ಊಟದ ಹೊತ್ತು ಹೇಳುತ್ತಿತ್ತು. ಡಬ್ಬಿಯೊಳಗೆ ಹೋದ ಮೇಲೆ ಅದೇ ಹಣ್ಣು ಪ್ರಮಾಣ, ಹೊತ್ತು, ಜೊತೆ ಎಂಬ ಮೂರು ಪ್ರಶ್ನೆಗಳನ್ನು ಹೊತ್ತು ಬರುತ್ತದೆ, ಉತ್ತರವನ್ನು ಮಾತ್ರ ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ. ಸಪ್ಲಿಮೆಂಟು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇಲ್ಲಿ ಮುಖ್ಯವಲ್ಲ. ಕೆಲವರಿಗೆ ಅದು ನಿಜವಾಗಿ ಬೇಕು, ಮುಂದೆ ಆ ಮಾತಿಗೆ ಬರುತ್ತೇನೆ. ಊಟದ ಜೊತೆಗೇ ಸಿಗುತ್ತಿದ್ದ ಆ ಮೂರು ಉತ್ತರಗಳನ್ನು ಈಗ ನಾವೇ ಹುಡುಕಿಕೊಳ್ಳಬೇಕಾಗಿದೆ. ಅದನ್ನು ಹೇಗೆ ಹುಡುಕುವುದು ಎಂಬುದೇ ಈ ಬರಹ.

ಒಂದು ಸಿಪ್ಪೆಯ ದಾರಿ

ಉಪ್ಪಾಗೆ ಹಣ್ಣಾಗುವುದು ಸರಿಯಾಗಿ ಮಳೆಗಾಲದಲ್ಲಿ. ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಹಣ್ಣು ಒಡೆದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ತಟ್ಟಿಯ ಮೇಲೆ ಹರವಿ ಕೆಳಗೆ ಕಟ್ಟಿಗೆಯ ಬೆಂಕಿ ಇಡಬೇಕು. ಬೆಂಕಿ ಜೋರಾದರೆ ಸಿಪ್ಪೆಯ ಅಂಚು ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ. ಮಂದವಾದರೆ ಎರಡನೇ ದಿನಕ್ಕೇ ಬೂಸಲು. ಮಗುಚುತ್ತ, ಕಾಯುತ್ತ, ರಾತ್ರಿ ಎದ್ದು ಕಟ್ಟಿಗೆ ದೂಡುತ್ತ ಮಾಡುವ ಕೆಲಸ. ಹಳದಿ ಸಿಪ್ಪೆ ಮೊದಲು ಕಂದು, ಆಮೇಲೆ ಕಪ್ಪು. ಮುರಿದರೆ ಚರ್ಮದಂತೆ ಬಾಗಬೇಕು, ಬೆರಳಿಗೆ ಅಂಟಬಾರದು. ಬೀಜವೂ ವ್ಯರ್ಥವಲ್ಲ, ಅದರಿಂದ ತೆಗೆದ ಉಪ್ಪಾಗೆ ತುಪ್ಪ ಗಟ್ಟಿಯಾಗಿ ನಿಲ್ಲುತ್ತದೆ, ಅಡುಗೆಗೂ ಒಡೆದ ಹಿಮ್ಮಡಿಗೂ ಬರುತ್ತದೆ. ಕೊಡಗಿನವರು ಇದೇ ಹಣ್ಣಿನ ರಸವನ್ನು ಕುದಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದವರು ಮೀನು ಸಾರಿಗೆ ಹಾಕುತ್ತಾರೆ. ಕಾರವಾರದವರ ಸೋಲ್ ಕಡಿಗೆ ಬಣ್ಣ ಕೊಡುವ ಮುರುಗಲು ಇದರ ತಂಗಿ.

ಈ ಹುಳಿಯ ಮುಖ್ಯ ಆಮ್ಲ ಯಾವುದೆಂದು ಗೊತ್ತಾದದ್ದು ನಮ್ಮ ಮೈಸೂರಿನಲ್ಲೇ. 1965ರಲ್ಲಿ ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಅದನ್ನು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಗುರುತಿಸಿದರು. ಅಲ್ಲಿಯವರೆಗೆ ಇದನ್ನು ಸಿಟ್ರಿಕ್, ಟಾರ್ಟಾರಿಕ್ ಎಂದೆಲ್ಲ ಭಾವಿಸಿದ್ದರು. ನಾಲ್ಕು ವರ್ಷದ ನಂತರ, 1969ರಲ್ಲಿ, ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿ ಕಂಡರು. ದೇಹ ಹೆಚ್ಚಾದ ಸಕ್ಕರೆಯನ್ನು ಕೊಬ್ಬಾಗಿ ಮಾಡುವ ದಾರಿಯಲ್ಲಿ ಒಂದು ಕಿಣ್ವ ಸಿಟ್ರೇಟನ್ನು ಒಡೆಯುತ್ತದೆ. ಉಪ್ಪಾಗೆಯ ಆಮ್ಲ ಆ ಕಿಣ್ವದ ಬಾಯಿಗೆ ಸಿಟ್ರೇಟಿನಂತೆಯೇ ಕಂಡು ಅಲ್ಲಿ ಹೋಗಿ ಕೂರುತ್ತದೆ, ಕೆಲಸ ನಿಲ್ಲುತ್ತದೆ. ಇಲಿಗಳಲ್ಲಿ ಕೊಬ್ಬು ತಯಾರಾಗುವುದು ಕಡಿಮೆಯಾಯಿತು. 1994ರಲ್ಲಿ ಅಮೆರಿಕ ಸಪ್ಲಿಮೆಂಟುಗಳಿಗೆ ಪ್ರತ್ಯೇಕ ಕಾಯಿದೆ ಮಾಡಿ, ಔಷಧಿಯಂತೆ ಮಾರುವ ಮೊದಲೇ ಪರಿಣಾಮ ಸಾಬೀತು ಮಾಡಬೇಕಿಲ್ಲ ಎಂದಾದ ಮೇಲೆ ಈ ಇಲಿಗಳ ಫಲಿತಾಂಶ ಡಬ್ಬಿಗಳ ಮೇಲೆ ಏರಿತು. ಪರಿಣಾಮ ನಮ್ಮ ಕಾಡಿಗೆ ಬಂತು. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯ ಬೆಲೆ ಏರಿತು. ನಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಅವಸರಕ್ಕೆ ಎಳೆಕಾಯಿ ಉದುರಿಸಿದರು, ಟೊಂಗೆ ಕಡಿದರು, ಒಣಗಿಸಲು ಕಾಡಿನ ಕಟ್ಟಿಗೆ ಲೋಡುಗಟ್ಟಲೆ ಉರಿಯಿತು. ಹಕ್ಕಿ, ಮಂಗ, ಕಬ್ಬೆಕ್ಕುಗಳಿಗೂ ಮರದ ಮುಂದಿನ ಸಂತತಿಗೂ ಬೇಕಿದ್ದ ಹಣ್ಣು ಅದು.

ಮನುಷ್ಯರ ಮೇಲೆ ಗಟ್ಟಿಯಾದ ಪರೀಕ್ಷೆ ಪ್ರಕಟವಾದದ್ದು 1998ರಲ್ಲಿ. 135 ಜನರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಕಡಿಮೆ ಕ್ಯಾಲೊರಿಯ ಊಟ ಹೇಳಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಇನ್ನೊಂದಕ್ಕೆ ಬರೀ ಹುಸಿಗುಳಿಗೆ, 12 ವಾರ. ಆಮ್ಲ ತಿಂದವರು ಸರಾಸರಿ 3.2 ಕಿಲೊ ಇಳಿದರು, ಹುಸಿಗುಳಿಗೆಯವರು 4.1 ಕಿಲೊ. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ, ಅಂದರೆ ಉಪ್ಪಾಗೆಯಿಂದ ಏನೂ ಆಗಲಿಲ್ಲ. ಕಾರಣವೂ ಸರಳ. ಮನುಷ್ಯರ ಮೈಯ ಕೊಬ್ಬಿನಲ್ಲಿ ಬಹುಪಾಲು ಊಟದಲ್ಲಿದ್ದ ಕೊಬ್ಬೇ ನೇರವಾಗಿ ಹೋಗಿ ಕೂತದ್ದು. ಸಕ್ಕರೆಯಿಂದ ಹೊಸದಾಗಿ ತಯಾರಾಗುವುದು ಸಣ್ಣ ಪಾಲು. ಸಣ್ಣ ದಾರಿಗೆ ಬೇಲಿ ಹಾಕಿದರೆ ದೊಡ್ಡ ದಾರಿ ಹಾಗೇ ತೆರೆದಿರುತ್ತದೆ.

ಅಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಾಗಬಹುದಿತ್ತು. ಆದರೆ ಈ ಕ್ಯಾಪ್ಸೂಲು ತಿಂದವರಲ್ಲಿ ಅಲ್ಲೊಬ್ಬ ಇಲ್ಲೊಬ್ಬರಿಗೆ ಯಕೃತ್ತಿಗೆ ತೀವ್ರ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗುತ್ತಲೇ ಬಂದವು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಇದನ್ನು ತಿನ್ನಲೇಬೇಡಿ ಎಂದು ಜನರಿಗೆ ಹೇಳಿತು. ತಲೆಮಾರುಗಳಿಂದ ತಿಂದ ಉಪ್ಪಾಗೆ ಹಾಗೆ ಮಾಡುವುದುಂಟೇ ಎಂದು ಆಯಿಗೆ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಗೊಂದಲ ತಿಳಿಯಾಗುತ್ತದೆ. ಆರು ಜನರ ಸಾರಿಗೆ ಒಣಸಿಪ್ಪೆ ನಾಲ್ಕೈದು ಗ್ರಾಂ. ಅದರಲ್ಲಿ ಐದನೇ ಒಂದು ಪಾಲು ಆಮ್ಲವೆಂದು ಹಿಡಿದರೂ ತಲೆಗೆ 150 ಮಿಲಿಗ್ರಾಮಿನ ಆಸುಪಾಸು, ಅದೂ ಅನ್ನದ ಜೊತೆ, ಅದೂ ವಾರಕ್ಕೊಮ್ಮೆಯೋ ಎರಡು ಸಲವೋ. ಶೇಕಡಾ 60ರಷ್ಟು ಆಮ್ಲವಿರುವ ಸಾರ ತುಂಬಿದ 500 ಮಿಲಿಗ್ರಾಮಿನ ಕ್ಯಾಪ್ಸೂಲಿನಲ್ಲಿ 300 ಮಿಲಿಗ್ರಾಂ. ಹೊತ್ತಿಗೆ ಎರಡರಂತೆ ಮೂರು ಹೊತ್ತು ಎಂದರೆ 1800, ಪ್ರತಿದಿನ, ತಿಂಗಳುಗಟ್ಟಲೆ. ಅಷ್ಟು ಸಿಪ್ಪೆಯನ್ನು ಸಾರಿಗೆ ಹಾಕಿದ್ದರೆ ಮೊದಲ ತುತ್ತಿಗೇ ಹಲ್ಲು ಜುಂ ಎಂದು ತಟ್ಟೆ ಸರಿಸುತ್ತಿದ್ದೆವು. ಹುಳಿಯೇ ಕಾವಲಾಗಿತ್ತು. ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣ ಮಾಡಿ ಹುಳಿ ತಗ್ಗಿಸಿ ಕ್ಯಾಪ್ಸೂಲಿನಲ್ಲಿ ಮುಚ್ಚಿದಾಗ ಕಾವಲು ಹೋಯಿತು.

ಅರಿಶಿನ, ಕಾಳುಮೆಣಸು, ಮತ್ತೆ ಅದೇ ಲೆಕ್ಕ

ಅರಿಶಿನದ ಕತೆ ಇನ್ನೂ ಸ್ಪಷ್ಟ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡಾ ಮೂರು. ಕಷಾಯಕ್ಕೆ ಹಾಕುವ ಅರ್ಧ ಚಮಚದಲ್ಲಿ ನಲವತ್ತೈವತ್ತು ಮಿಲಿಗ್ರಾಂ. ಕರುಳು ಅದನ್ನು ಬಹುತೇಕ ಹೀರುವುದೇ ಇಲ್ಲ, ಹೀರಿದ್ದನ್ನೂ ಯಕೃತ್ತು ಕೂಡಲೇ ಕಟ್ಟಿ ಹೊರಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಸತ್ವ, ಕೊಟ್ಟು ನೋಡಿದರು. ರಕ್ತಕ್ಕೆ ಸಿಗುವ ಪ್ರಮಾಣ ಶೇಕಡಾ 2000ದಷ್ಟು ಏರಿತು. ಆ ಸಂಖ್ಯೆ ಇವತ್ತು ಜಗತ್ತಿನ ಎಷ್ಟೋ ಡಬ್ಬಿಗಳ ಮೇಲಿದೆ. ಡಬ್ಬಿ ಹೇಳದಿರುವುದು ಏನೆಂದರೆ, ಪೈಪರಿನ್ ಈ ಕೆಲಸ ಮಾಡುವುದೇ ಯಕೃತ್ತು, ಕರುಳುಗಳ ಹೊರಹಾಕುವ ವ್ಯವಸ್ಥೆಯನ್ನು ಸ್ವಲ್ಪ ಹೊತ್ತು ತಡೆದು. ತಡೆ ಅರಿಶಿನಕ್ಕೆ ಮಾತ್ರ ಸೀಮಿತವಲ್ಲ. ಮೂರ್ಛೆರೋಗದ ಫೆನಿಟಾಯಿನ್‌ನಂಥ ಔಷಧಿಗಳ ಮಟ್ಟವೂ ರಕ್ತದಲ್ಲಿ ಏರಬಹುದು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಸಪ್ಲಿಮೆಂಟು ತಿಂದವರಲ್ಲಿ ಕಾಮಾಲೆಯ ಪ್ರಕರಣಗಳು ಸಾಲಾಗಿ ಕಂಡಾಗ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು.

ಶಿರಸಿಯ ಮಾರುಕಟ್ಟೆಯಲ್ಲಿ ಕಾಳುಮೆಣಸಿನ ವಾಸನೆಯಲ್ಲೇ ಬೆಳೆದವರಿಗೆ ಈ ಮಾತು ಹೇಳುವಾಗ ಎಚ್ಚರ ಬೇಕು: ಕಷಾಯ ಬಿಡಬೇಕಿಲ್ಲ. ಎರಡು ಕಾಳು ಮೆಣಸು, ಅರ್ಧ ಚಮಚ ಅರಿಶಿನ ಅಡುಗೆಯ ಪ್ರಮಾಣ. ಶೇಕಡಾ 95ರ ಕರ್ಕ್ಯುಮಿನ್ ಅರ್ಧ ಗ್ರಾಮಿನ ಕ್ಯಾಪ್ಸೂಲು ಅದರ ಹತ್ತು ಪಟ್ಟು, ಹೀರಿಕೆ ಹೆಚ್ಚಿಸಿದ್ದಾದರೆ ಎಷ್ಟೋ ಪಟ್ಟು. ರಕ್ತ ತೆಳುವಾಗಿಸುವ ಗುಳಿಗೆ, ಮೂರ್ಛೆಯ ಗುಳಿಗೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರಿಗೆ ಹೇಳದೆ ಇದನ್ನು ಶುರು ಮಾಡಬಾರದು. ಮೂತ್ರ ಗಾಢ ಹಳದಿಯಾದರೆ, ಊಟ ಸೇರದಿದ್ದರೆ, ಮೈ ತುರಿಸಿದರೆ ಆ ದಿನವೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಬೇಕು.

ನಿಜವಾಗಿ ಕೊರತೆ ಇರುವುದು ಎಲ್ಲಿ

ಹಾಗೆಂದು ಆ ಪೆಟ್ಟಿಗೆಯಲ್ಲಿದ್ದುದೆಲ್ಲ ಬೇಡದ್ದಲ್ಲ. ಡಿ ಮತ್ತು ಬಿ12 ಎರಡರ ಕೊರತೆಯೂ ನಮ್ಮ ಕಡೆ ನಿಜ, ಎರಡರ ಹಿಂದೆಯೂ ಬದುಕಿನ ರೀತಿ ಇದೆ.

ವಿಟಮಿನ್ ಡಿ ತಯಾರಾಗಲು ಚರ್ಮಕ್ಕೆ ಬಿಸಿಲಿನ ಯುವಿ-ಬಿ ಕಿರಣ ಬೇಕು. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಅಂದರೆ ಮಧ್ಯಾಹ್ನದ ಆಚೀಚೆ, ಅದು ಚೆನ್ನಾಗಿ ಸಿಗುತ್ತದೆ. ಬೆಳಗಿನ ಏಳು ಗಂಟೆಯ ಎಳೆಬಿಸಿಲು ಹಿತವಾಗಿರುತ್ತದೆ, ಡಿ ಮಾತ್ರ ಅದರಿಂದ ಹೆಚ್ಚು ಬರುವುದಿಲ್ಲ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಆದ್ದರಿಂದ ಕಾರಿನಲ್ಲಿ, ಆಫೀಸಿನ ಕಿಟಕಿಯ ಪಕ್ಕದಲ್ಲಿ ಬಿಸಿಲು ಕಾಯಿಸಿದರೂ ಪ್ರಯೋಜನವಿಲ್ಲ. ಕಾರವಾರದ ಕಡಲತೀರದಲ್ಲಿ ಬಲೆ ಸರಿಮಾಡುತ್ತ ಕೂತವರಿಗೆ ಸಿಗುವ ಬಿಸಿಲು, ಅದೇ ಊರಿನ ಎಸಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಸಿಗುವುದಿಲ್ಲ. ಘಟ್ಟದ ಮೇಲಿನವರಿಗೆ ಇನ್ನೊಂದು ತೊಡಕು: ಅಡಕೆ ತೋಟವೇ ನೆರಳು, ಮೇಲೆ ನಾಲ್ಕು ತಿಂಗಳು ಮೋಡ. ರಕ್ತದಲ್ಲಿ ಡಿ ಎರಡು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋಗುವುದರಿಂದ ಏಪ್ರಿಲ್‌ನಲ್ಲಿ ಮಾಡಿಸಿದ ರಿಪೋರ್ಟಿಗೂ ಸೆಪ್ಟೆಂಬರಿನದಕ್ಕೂ ವ್ಯತ್ಯಾಸ ಬರುತ್ತದೆ. ಯಾವ ತಿಂಗಳಲ್ಲಿ ರಕ್ತ ಕೊಟ್ಟಿದ್ದು ಎಂದು ನೋಡದೆ ಎರಡು ರಿಪೋರ್ಟು ಹೋಲಿಸಬಾರದು.

ಕೊರತೆ ಇದ್ದರೆ, ಅಂದರೆ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಮಿಗಿಂತ ಕಡಿಮೆ ಬಂದರೆ, ಸಾಮಾನ್ಯವಾಗಿ ಬರೆದುಕೊಡುವುದು 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲು, ವಾರಕ್ಕೊಂದರಂತೆ ಎಂಟು ವಾರ. ಆಮೇಲೆ ತಿಂಗಳಿಗೊಂದು, ಅಥವಾ ದಿನದ ಸಣ್ಣ ಪ್ರಮಾಣ. ದಿನಕ್ಕೆ ಬೇಕಿರುವುದು 600 ಯೂನಿಟ್. ದಿನಕ್ಕೆ 4000 ದಾಟಬಾರದು ಎಂಬುದು ಡಾಕ್ಟರ ನಿಗಾ ಇಲ್ಲದೆ ತಿನ್ನುವವರ ಮಿತಿ. ಎಡವಟ್ಟು ಆಗುವುದು ಇಲ್ಲಿಯೇ. ಔಷಧಿ ಅಂಗಡಿಯ ಕೌಂಟರಿನಲ್ಲಿ ಇದು ಮತ್ತೆ ಮತ್ತೆ ಕಾಣುವ ದೃಶ್ಯ. ಎರಡನೇ ವಾರಕ್ಕೇ ಖಾಲಿ ಸ್ಟ್ರಿಪ್ಪು ಹಿಡಿದು ಬಂದ ಅಮ್ಮ ಇನ್ನೊಂದು ಸ್ಟ್ರಿಪ್ಪು ಕೇಳುತ್ತಾರೆ. "ಎಂಟು ವಾರಕ್ಕೆ ಕೊಟ್ಟಿದ್ದಲ್ವಾ ಅಮ್ಮಾ?" "ದಿನಾ ಒಂದು ತಗಳದಲ್ದಾ ತಮಾ, ಬಾಕಿ ಎಲ್ಲ ಗುಳಿಗೆ ದಿನಾನೇ ಅಲ್ದಾ." ಬೇರೆ ಗುಳಿಗೆಗಳ ಸಾಲಿನಲ್ಲಿ ಸೇರಿ ವಾರದ್ದು ದಿನದ್ದಾಗಿರುತ್ತದೆ. ಡಿ ಕೊಬ್ಬಿನಲ್ಲಿ ಕರಗಿ ಶೇಖರವಾಗುವ ವಿಟಮಿನ್, ಮೂತ್ರದಲ್ಲಿ ಹರಿದುಹೋಗುವುದಿಲ್ಲ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಹಾನಿ. ನಿಲ್ಲಿಸಿದ ಮೇಲೂ ಇಳಿಯಲು ತಿಂಗಳುಗಳೇ ಬೇಕು. ಡಿಯನ್ನು ಮಧ್ಯಾಹ್ನದ ಊಟ ಆದ ಮೇಲೆ, ತುಪ್ಪವೋ ಎಣ್ಣೆಯೋ ತೆಂಗಿನಕಾಯಿಯೋ ಹೊಟ್ಟೆಯಲ್ಲಿದ್ದಾಗ ತೆಗೆದುಕೊಂಡರೆ ಹೀರಿಕೆ ಚೆನ್ನಾಗಿರುತ್ತದೆ. ಬರೀ ಹೊಟ್ಟೆಗೆ ನೀರಿನಲ್ಲಿ ಕದಡಿ ಕುಡಿದರೆ ಅಷ್ಟು ಆಗುವುದಿಲ್ಲ.

ಬಿ12 ಸಸ್ಯದಲ್ಲಿ ಇಲ್ಲ. ಸಸ್ಯಾಹಾರಿ ಮನೆಗಳಿಗೆ ಹಾಲು, ಮೊಸರೇ ಗತಿ. ಕಾಲು ಲೀಟರ್ ಹಾಲಿನಲ್ಲಿ ಸುಮಾರು ಒಂದು ಮೈಕ್ರೊಗ್ರಾಂ, ದಿನಕ್ಕೆ ಬೇಕಾದದ್ದು ಎರಡಕ್ಕೂ ತುಸು ಹೆಚ್ಚು. ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಒಂದಿಷ್ಟು ನಾಶ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಎದೆಯುರಿಗೆ ವರ್ಷಗಟ್ಟಲೆ ಆಮ್ಲ ತಗ್ಗಿಸುವ ಗುಳಿಗೆ ತಿನ್ನುವವರಲ್ಲಿ ಹೀರಿಕೆಯೂ ಕಡಿಮೆ. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಪಾದದಲ್ಲಿ ಜೋಮು, ನಾಲಿಗೆ ಉರಿ, ಮರೆವು ಬಂದಾಗ ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ. ದಿನಕ್ಕೆ ಎರಡು ಮೈಕ್ರೊಗ್ರಾಂ ಸಾಕು ಎಂದಾದರೆ ಗುಳಿಗೆಯಲ್ಲಿ 1500 ಯಾಕೆ ಎಂದು ಅನೇಕರು ಕೇಳುತ್ತಾರೆ. ಹೊಟ್ಟೆಯಲ್ಲಿ ಬಿ12ನ್ನು ಕೈಹಿಡಿದು ಕರೆದೊಯ್ಯುವ ಒಂದು ಪ್ರೋಟೀನ್ ಇದೆ, ಒಂದು ಸಲಕ್ಕೆ ಎರಡು ಮೈಕ್ರೊಗ್ರಾಮಿನಷ್ಟು ಸಾಗಿಸಿದರೆ ಅದರ ಕೈ ತುಂಬಿತು. ಉಳಿದದ್ದರಲ್ಲಿ ಶೇಕಡಾ ಒಂದರಷ್ಟು ಮಾತ್ರ ತಾನಾಗಿ ಒಳನುಸುಳುತ್ತದೆ. 1500ರಲ್ಲಿ ಶೇಕಡಾ ಒಂದು ಎಂದರೆ 15. ಆ ದೊಡ್ಡ ಸಂಖ್ಯೆಯ ಅರ್ಥ ಇಷ್ಟೇ, ಹೆದರಬೇಕಿಲ್ಲ. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ತಿನ್ನುವುದು ಮಾತ್ರ ಅಪಾಯ. ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ತಾರ್ಲಿ ಇರುವ ಊರಿನಲ್ಲಿ ಮೀನೆಣ್ಣೆ

ಕರಾವಳಿಗೆ ಇಳಿದರೆ ಲೆಕ್ಕ ಬೇರೆ. 1000 ಮಿಲಿಗ್ರಾಂ ಎಂದು ದೊಡ್ಡದಾಗಿ ಬರೆದ ಸಾಧಾರಣ ಮೀನೆಣ್ಣೆ ಕ್ಯಾಪ್ಸೂಲನ್ನು ತಿರುಗಿಸಿ ಹಿಂಬದಿ ಓದಿದರೆ ಇಪಿಎ 180, ಡಿಎಚ್‌ಎ 120 ಎಂದಿರುತ್ತದೆ. ಬೇಕಾದ ಒಮೆಗಾ-3 ಆ ಮುನ್ನೂರು ಮಾತ್ರ, ಉಳಿದದ್ದು ಬರೀ ಎಣ್ಣೆ. ಮಳೆ ಹೋದ ಮೇಲೆ ಕೊಬ್ಬು ತುಂಬಿ ಬರುವ ತಾರ್ಲಿ, ಅಂದರೆ ಬೂತಾಯಿ ಮೀನು, ನಾಲ್ಕು ತಿಂದರೆ ಅದರ ಮೂರ್ನಾಲ್ಕು ಪಟ್ಟು ಸಿಗುತ್ತದೆ, ಜೊತೆಗೆ ಇಪ್ಪತ್ತು ಗ್ರಾಮಿನಷ್ಟು ಪ್ರೋಟೀನ್, ಬಿ12, ಮುಳ್ಳು ಅಗಿದು ತಿಂದರೆ ಕ್ಯಾಲ್ಸಿಯಂ. ಹಿಂದೆ ಇದೇ ತಾರ್ಲಿಯ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು, ಮೀನು ಹೆಚ್ಚಾದರೆ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಈಗ ಕರಾವಳಿಯ ತಾರ್ಲಿಯಲ್ಲಿ ದೊಡ್ಡ ಪಾಲು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಕೋಳಿಗೂ ಸಿಗಡಿಗೂ ಮೇವಾಗುತ್ತದೆ. ಕಣ್ಣೆದುರು ಇಳಿಯುವ ಈ ಮೀನನ್ನು ಮುಳ್ಳು ಜಾಸ್ತಿ, ವಾಸನೆ ಎಂದು ಮಕ್ಕಳು ದೂರವಿಟ್ಟು, ಅದರದೇ ಸತ್ವವನ್ನು ಆನ್‌ಲೈನ್‌ನಲ್ಲಿ ಕೊಳ್ಳುವುದು ನೋವಿನ ಸಂಗತಿ. ಸಾರು ಅಥವಾ ಸುಕ್ಕ ಮಾಡಿದರೆ ಒಮೆಗಾ ಉಳಿಯುತ್ತದೆ, ಗರಿಗರಿಯಾಗಿ ಕರಿದರೆ ಕಡಿಮೆ. ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಎರಡು ತಿಂಗಳಿಗೆ ಒಣಮೀನಿದೆ.

ಸುಮಾರು 26 ಸಾವಿರ ಜನರ ಮೇಲೆ ನಡೆದ ವೈಟಲ್ ಎಂಬ ಅಧ್ಯಯನದ ಫಲಿತಾಂಶ 2018ರ ಕೊನೆಗೆ ಬಂದಾಗ, ದಿನಕ್ಕೊಂದು ಗ್ರಾಂ ಮೀನೆಣ್ಣೆಯಿಂದ ಆರೋಗ್ಯವಂತರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಒಟ್ಟಾರೆ ಗಮನಾರ್ಹವಾಗಿ ತಗ್ಗಲಿಲ್ಲ. ಕೊಳ್ಳಲೇಬೇಕಾದವರು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಾಗಿ ಡಾಕ್ಟರು ಬರೆದುಕೊಟ್ಟವರು, ತಿಂಗಳಿಗೊಮ್ಮೆ ಒಂದು ಕ್ಯಾಪ್ಸೂಲನ್ನು ಕತ್ತರಿಸಿ ಮೂಸಿ ನೋಡಬೇಕು. ಹಸಿ ಮೀನಿನ ವಾಸನೆ ಸರಿ. ಹಳೆಯ ಬಣ್ಣದ ಡಬ್ಬಿಯಂತೆ, ಕಮಟು ಎಣ್ಣೆಯಂತೆ ಮೂಗಿಗೆ ಹೊಡೆದರೆ ಎಣ್ಣೆ ಕೆಟ್ಟಿದೆ.

ಮಳೆಗಾಲದ ಡಬ್ಬಿ

ಈ ಉತ್ಪನ್ನಗಳನ್ನು ರೂಪಿಸುವವರು ನಮ್ಮ ಜೂನ್ ತಿಂಗಳನ್ನು ನೋಡಿದವರಂತೆ ತೋರುವುದಿಲ್ಲ. ಚಪ್ಪಲಿಗೂ ಬೆಲ್ಟಿಗೂ ಬೂಸಲು ಬರುವ ಹವೆ ಇದು. ನೀರಿಗೆ ಹಾಕಿದರೆ ನೊರೆಯೇಳುವ ಗುಳಿಗೆಯಲ್ಲಿ ಸಿಟ್ರಿಕ್ ಆಮ್ಲ ಮತ್ತು ಸೋಡಾ ಪಕ್ಕಪಕ್ಕದಲ್ಲಿ ಒಣಗಿ ಕೂತಿರುತ್ತವೆ. ಗಾಳಿಯ ತೇವ ತಾಗಿದರೆ ಡಬ್ಬಿಯೊಳಗೇ ಕೆಲಸ ಶುರು. ಗುಳಿಗೆ ಉಬ್ಬುತ್ತದೆ, ಅಂಟುತ್ತದೆ, ನೀರಿಗೆ ಹಾಕಿದಾಗ ಸಪ್ಪಗೆ ತೇಲುತ್ತದೆ. ಅದರ ಮುಚ್ಚಳದೊಳಗೆ ತೇವ ಹೀರುವ ಸಿಲಿಕಾ ಹರಳು ಇರುವುದು ಇದಕ್ಕಾಗಿ. ಗುಳಿಗೆ ತೆಗೆದ ಕೂಡಲೇ ಮುಚ್ಚಬೇಕು, ಲೋಟದಲ್ಲಿ ನೊರೆ ಇಳಿಯುವವರೆಗೆ ಬಾಯಿ ತೆರೆದಿಡಬಾರದು. ಜೆಲಟಿನ್ ಕ್ಯಾಪ್ಸೂಲು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ವಿಟಮಿನ್ ಸಿ ಗುಳಿಗೆಯ ಮೇಲೆ ಕಂದು ಚುಕ್ಕೆ ಬಂದರೆ ಸತ್ವ ಹೋಗುತ್ತಿದೆ ಎಂದರ್ಥ. ಪ್ರೋಟೀನ್ ಪುಡಿ ಹೆಪ್ಪುಗಟ್ಟಿ, ಒದ್ದೆ ಕೈಯ ಚಮಚ ಒಳಗೇ ಬಿಟ್ಟಿದ್ದರೆ ಬೂಸಲು ಹಿಡಿಯುತ್ತದೆ. ಪ್ರೋಬಯಾಟಿಕ್‌ನ ಜೀವಾಣುಗಳು ಶಾಖ, ತೇವ ಎರಡಕ್ಕೂ ಸಾಯುತ್ತವೆ. ಲೇಬಲ್ಲಿನ ಕೋಟಿಗಳ ಲೆಕ್ಕ ತಯಾರಾದ ದಿನದ್ದೇ ಇರಬಹುದು. ನಮ್ಮ ಮಜ್ಜಿಗೆ ಪ್ರತಿದಿನ ಹೊಸದು.

ಕಡಿಮೆ ದರಕ್ಕೆಂದು 120 ಗುಳಿಗೆಯ ಡಬ್ಬಿ ಕೊಳ್ಳುವುದಕ್ಕಿಂತ, ನಮ್ಮ ಹವೆಗೆ ಒಂದೊಂದನ್ನೂ ಬೇರೆಬೇರೆ ಮುಚ್ಚಿದ ಅಲ್ಯೂಮಿನಿಯಂ ಸ್ಟ್ರಿಪ್ಪು ಒಳ್ಳೆಯದು. ಡಬ್ಬಿಯೇ ಆದರೆ 30ರದು ಕೊಳ್ಳಿ. ಒಳಗಿನ ಸಿಲಿಕಾ ಪೊಟ್ಟಣ ಹಾಗೇ ಇರಲಿ, ಹತ್ತಿ ಇದ್ದರೆ ತೆರೆದ ದಿನವೇ ತೆಗೆದುಹಾಕಿ, ಅದು ತೇವ ಹಿಡಿದಿಡುತ್ತದೆ. ಒಲೆಯ ಮೇಲಿನ ಕಪಾಟು, ಫ್ರಿಜ್ಜಿನ ನೆತ್ತಿ ಎರಡೂ ಬಿಸಿ, ಅಲ್ಲಿ ಇಡಬಾರದು. ಫ್ರಿಜ್ಜಿನೊಳಗೆ ಇಡಲೇಬೇಕಾದದ್ದಾದರೆ ಹೊರತೆಗೆದು ಡಬ್ಬಿ ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಬೇಕು. ತಣ್ಣಗಿರುವಾಗಲೇ ತೆರೆದರೆ ಗಾಳಿಯ ನೀರು ಒಳಗೆ ಇಬ್ಬನಿಯಾಗಿ ಕೂರುತ್ತದೆ. ಮಲಗುವ ಕೋಣೆಯ ಕಪಾಟಿನ ನಡುವಿನ ಅರೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸ್ಟ್ರಿಪ್ಪುಗಳು: ಇಷ್ಟು ಸಾಕು.

ಫೋನು ಒಂದೇ ಸಲ ಬಡಿಯುತ್ತದೆ

ಆಯಿಯ ಪೆಟ್ಟಿಗೆಯ ಜೊತೆ ಮಗ ಫೋನಿನಲ್ಲಿ ನೆನಪಿನ ಆಪನ್ನೂ ಹಾಕಿಕೊಟ್ಟಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಬಡಿಯುತ್ತದೆ, ಎಲ್ಲ ಗುಳಿಗೆ ಒಟ್ಟಿಗೆ, ಚಾ ಜೊತೆ. ನೆನಪಿಸುವುದು ಒಳ್ಳೆಯ ಕೆಲಸವೇ. ಆದರೆ ಈ ಒಂದೇ ಬಡಿತದಲ್ಲಿ ಗುಳಿಗೆಗಳಲ್ಲಿ ಅರ್ಧದಷ್ಟು ವ್ಯರ್ಥ. ಥೈರಾಯ್ಡ್ ಗುಳಿಗೆ ಬರೀ ಹೊಟ್ಟೆಗೆ, ನೀರಿನಲ್ಲಿ, ತಿಂಡಿಗೆ ಅರ್ಧದಿಂದ ಒಂದು ತಾಸು ಮೊದಲು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಅದನ್ನು ಹಿಡಿದುಕೊಂಡು ಕರುಳು ಹೀರದಂತೆ ಮಾಡುತ್ತವೆ, ಹಾಗಾಗಿ ನಡುವೆ ನಾಲ್ಕು ತಾಸು ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಪರಸ್ಪರ ಅಡ್ಡಿ. ಚಾ, ಕಾಫಿಯ ಒಗರು ಕಬ್ಬಿಣವನ್ನು ಕಟ್ಟುತ್ತದೆ, ಹಿಂದೆ ಮುಂದೆ ಒಂದು ತಾಸು ಚಾ ಬೇಡ. ಲಿಂಬುವಿನ ಪಾನಕ ಜೊತೆಗಿದ್ದರೆ ಹೀರಿಕೆ ಹೆಚ್ಚು. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ. ಮಲ ಕಪ್ಪಾಯಿತೆಂದು ಹೆದರಿ ಬಿಡುವವರಿದ್ದಾರೆ, ಕಪ್ಪಾಗುವುದು ಸಹಜ. ದುಬಾರಿ ಡಬ್ಬಿಗಿಂತ ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಎಂದರೆ ಅದರಲ್ಲಿ ಕ್ಯಾಲ್ಸಿಯಂ 500. ಇದಕ್ಕೆ ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ತೆಗೆದುಕೊಳ್ಳಬೇಕು. ಆಮ್ಲ ತಗ್ಗಿಸುವ ಗುಳಿಗೆ ತಿನ್ನುವವರಿಗೆ ಸಿಟ್ರೇಟ್ ರೂಪ ವಾಸಿ. ಒಂದು ಸಲಕ್ಕೆ 500 ದಾಟಿದರೆ ಹೀರಿಕೆ ಕುಗ್ಗುತ್ತದೆ. ದಿನದ ಗುಳಿಗೆಗಳನ್ನೆಲ್ಲ ಒಂದೇ ಪೊಟ್ಟಣದಲ್ಲಿ ಹಾಕಿ ಹೆಸರು ಮುದ್ರಿಸಿ ಕಳಿಸುವ ಹೊಸ ಪದ್ಧತಿ ಬಂದಿದೆ. ಆ ಪೊಟ್ಟಣದಲ್ಲಿ ಕಬ್ಬಿಣವೂ ಕ್ಯಾಲ್ಸಿಯಮ್ಮೂ ಒಟ್ಟಿಗಿದ್ದರೆ ಕೈಯಾರೆ ಬೇರ್ಪಡಿಸಬೇಕು.

ಬಯೋಟಿನ್ ಗಮ್ಮಿಯ ವಿಷಯ ಬೇರೆ ಥರದ್ದು, ಬಹಳ ಜನರಿಗೆ ಗೊತ್ತಿಲ್ಲ. ದಿನಕ್ಕೆ ಬೇಕಿರುವುದು ಮೂವತ್ತು ನಲವತ್ತು ಮೈಕ್ರೊಗ್ರಾಂ, ಕೂದಲಿನ ಗಮ್ಮಿಗಳಲ್ಲಿ 5,000, 10,000 ಇರುವುದುಂಟು. ಹಲವು ಲ್ಯಾಬ್ ಯಂತ್ರಗಳು ಪರೀಕ್ಷೆಯ ಕೊಂಡಿಯಾಗಿ ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಯಂತ್ರ ಮೋಸ ಹೋಗುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಎಂದು ತೋರಿಸುತ್ತದೆ. ಅದನ್ನು ನಂಬಿ ಥೈರಾಯ್ಡ್ ಗುಳಿಗೆ ಕಡಿಮೆ ಮಾಡಿದರೆ ನಿಜವಾದ ರೋಗ ಹೆಚ್ಚುತ್ತದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ತಪ್ಪಾಗಿ ಕಡಿಮೆ ತೋರಿಸಬಹುದು. ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಹುಡುಗ ಉಪವಾಸ ಇದ್ದೀರಾ ಎಂದು ಕೇಳುತ್ತಾನೆ, ಗಮ್ಮಿ ತಿಂದಿದ್ದೀರಾ ಎಂದು ಕೇಳುವುದಿಲ್ಲ. ಎರಡು ಮೂರು ದಿನ ಮೊದಲೇ ನಿಲ್ಲಿಸಿ ರಕ್ತ ಕೊಡಿ. ಆ ರಿಪೋರ್ಟಿನ ಕೆಳಗೇ ಕೊರತೆಗೆ ತಕ್ಕ ಡಬ್ಬಿ ಕೊಳ್ಳಲು ಬಟನ್ ಇರುವ ಆಪುಗಳೂ ಇವೆ. ಪರೀಕ್ಷಿಸುವವರೂ ಮಾರುವವರೂ ಒಬ್ಬರೇ ಆದಾಗ, ರಿಪೋರ್ಟು ಪ್ರಿಂಟ್ ತೆಗೆದು ಮಾರುವ ಹಂಗಿಲ್ಲದ ಡಾಕ್ಟರಿಗೆ ತೋರಿಸುವ ಶ್ರಮ ತೆಗೆದುಕೊಳ್ಳಲೇಬೇಕು.

ಲೇಬಲ್ ಓದುವುದು ಕಷ್ಟವಲ್ಲ. ಆಹಾರವೆಂದು ಮಾರುವ ಡಬ್ಬಿಯಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಔಷಧಿಯಾಗಿ ಬಳಸುವುದಕ್ಕಲ್ಲ ಎಂಬ ಸೂಚನೆ, ದಿನದ ಅಗತ್ಯದ ಶೇಕಡಾ ಎಷ್ಟು ಎಂಬ ಪಟ್ಟಿ ಇರಬೇಕು. ಸಂಖ್ಯೆಯನ್ನು ಅದರದೇ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಆದರೆ ಲ್ಯೂಸಿನ್ ಎಂಬ ಅಮೈನೊ ಆಮ್ಲ ಎಷ್ಟಿದೆ ನೋಡಿ. 24 ಗ್ರಾಂ ಪ್ರೋಟೀನಿಗೆ ಎರಡೂವರೆ ಗ್ರಾಮಿನ ಆಸುಪಾಸು ಇರಬೇಕು. ಬಹಳ ಕಡಿಮೆಯಿದ್ದರೆ ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿ ನೈಟ್ರೋಜನ್ ಲೆಕ್ಕ ತುಂಬಿಸಿರುವ ಶಂಕೆ. ಪರೀಕ್ಷೆ ಅಳೆಯುವುದು ನೈಟ್ರೋಜನ್, ಪ್ರೋಟೀನನ್ನಲ್ಲ.

ಆ ಮನೆಯಲ್ಲಿ ಕೊನೆಗೆ ಉಪಯೋಗಕ್ಕೆ ಬಂದದ್ದು ಗೋಡೆಯ ಕ್ಯಾಲೆಂಡರ್. ಹಸಿರು ಡಬ್ಬಿಯನ್ನೂ ಅರಿಶಿನದ್ದನ್ನೂ ಹಿಂದಕ್ಕೆ ಕಳಿಸಿದರು, ಗಮ್ಮಿ ನಿಂತಿತು. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಗುಳಿಗೆ, ಮಧ್ಯಾಹ್ನ ಊಟದ ನಡುವೆ ಕ್ಯಾಲ್ಸಿಯಂ, ರಾತ್ರಿ ಬಿ12 ಎಂದು ಮೂರು ಸಾಲು ಬರೆದು ತೂಗುಹಾಕಿದರು. ಎಂಟು ಭಾನುವಾರಗಳ ಚೌಕದಲ್ಲಿ ಕೆಂಪು ಪೆನ್ನಿನಿಂದ "ಡಿ" ಎಂದು ಗುರುತು. ಪುಡಿ ಕುಡಿದ ಮೇಲೆ ಆಯಿ ಅದರ ಮೇಲೊಂದು ಗೀಟು ಹಾಕುತ್ತಾರೆ. ಒಂಬತ್ತನೇ ಭಾನುವಾರದ ಚೌಕದಲ್ಲಿ ಬರೆದದ್ದು "ರಕ್ತಪರೀಕ್ಷೆ" ಎಂದು.